ಮಾಗಿ ಚಳಿಯಲ್ಲಿ ಸಾವನದುರ್ಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯುತ್ತಿದ್ದಂತೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಆಫೀಸಿನ ಹುಡುಗರು, ವಿಜಯನಗರದ ಹಳೇ ಅಕ್ಕಪಕ್ಕದವರು, ತಂಗಿಯ ಮಗಳು, ಅವಳ ಕಾಲೇಜಿನ ಗೆಳತಿಯರು, ಎಲ್ಲರಿಗೂ ಆ ಭಾನುವಾರವೇ ಬೆಟ್ಟ ಹತ್ತಬೇಕು. ನಾನು ಪ್ರತಿ ಚಳಿಗಾಲ ಒಂದು ಸಲವಾದರೂ ಮಾಗಡಿ ಹತ್ತಿರದ ಬಂಡೆ ಬೆಟ್ಟ ಸಾವನದುರ್ಗಕ್ಕೆ ಹೋಗುವುದರಿಂದ ಬಹುತೇಕ ಪ್ರಶ್ನೆಗಳು ಅದರ ಬಗ್ಗೆಯೇ. ಕೇಳಿದವರ ಮಾತಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಮೊದಲ ಸಲ ಹೋಗುವವರ ಪ್ರಶ್ನೆಗಳು ಮೊದಲು, ನಾಲ್ಕಾರು ಸಲ ಹತ್ತಿದವರದು ಕೊನೆಗೆ.

## ಹೊರಡುವ ಮುಂಚೆ

ಜೀವನದಲ್ಲಿ ಒಂದು ಬೆಟ್ಟಾನೂ ಹತ್ತಿಲ್ಲ ಸರ್. ನೇರ ಸಾವನದುರ್ಗಕ್ಕೇ ಹೋಗಬಹುದಾ?

ಹೋಗಬಹುದು. ಆದರೆ ಅದಕ್ಕೂ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಲಿಫ್ಟ್ ಬಿಟ್ಟು ಹತ್ತು ಮಹಡಿ ಮೆಟ್ಟಿಲು ಹತ್ತಿ. ಮೇಲೆ ನಿಂತು ಒಂದೆರಡು ನಿಮಿಷದಲ್ಲಿ ಮಾತಾಡುವಷ್ಟು ಉಸಿರು ವಾಪಸ್ ಬಂದರೆ ಸಾಕು. ಬರಲಿಲ್ಲ ಅಂದರೆ ಮೂರು ವಾರ ದಿನಾ ಮೆಟ್ಟಿಲು ಹತ್ತಿ, ಆಮೇಲೆ ಬನ್ನಿ. ಬೆಟ್ಟ ಎಲ್ಲೂ ಹೋಗುವುದಿಲ್ಲ.

ಎತ್ತರ ಕಂಡರೆ ತಲೆ ಸುತ್ತುತ್ತದೆ ಅನ್ನುವವರು ಮೊದಲು ಶಿವಗಂಗೆಗೆ ಹೋಗಿ. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯ ಹತ್ತಿರ ಇದೆ. ಎತ್ತರದಲ್ಲಿ ಅದು ಸಾವನದುರ್ಗಕ್ಕಿಂತ ದೊಡ್ಡದೇ, ಆದರೆ ಕಡಿದಾದ ಕಡೆ ಬಂಡೆಯಲ್ಲಿ ಮೆಟ್ಟಿಲು ಕಡಿದಿದ್ದಾರೆ, ಹಿಡಿಯಲು ಕಬ್ಬಿಣದ ಕಂಬಿ ಇದೆ, ಜೊತೆಗೆ ಭಕ್ತರ ಸಾಲು ಇರುತ್ತದೆ. ಸಾವನದುರ್ಗದಲ್ಲಿ ಈ ಮೂರೂ ಇಲ್ಲ. ಅಲ್ಲಿರುವುದು ಹಾಸುಬಂಡೆ ಮತ್ತು ನಿಮ್ಮ ಕೈಕಾಲು. ದೂರದ ಬೆಟ್ಟ ನುಣ್ಣಗೆ ಅಂತ ಗಾದೆ. ಸಾವನದುರ್ಗದ ಹತ್ತಿರ ಹೋದರೂ ನುಣ್ಣಗೇ ಇರುತ್ತದೆ, ತೊಂದರೆ ಇರುವುದೇ ಅಲ್ಲಿ.

ಚಳಿಗಾಲದಲ್ಲೇ ಯಾಕೆ? ಮಳೆಗಾಲದಲ್ಲಿ ಹಸಿರು ಜಾಸ್ತಿ ಅಲ್ವಾ?

ಹಸಿರು ಜಾಸ್ತಿ, ಜಾರುವುದೂ ಜಾಸ್ತಿ. ಮಳೆಯಲ್ಲಿ ಬಂಡೆಗೆ ಪಾಚಿ ಕಟ್ಟುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತಕ್ಕೇ ಬಂಡೆ ಕಾದ ಕಾವಲಿಯಾಗುತ್ತದೆ, ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯವೂ ಇರುತ್ತದೆ. ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗೆ ಬಂಡೆ ಒಣಗಿರುತ್ತದೆ, ಗಾಳಿ ತಣ್ಣಗಿರುತ್ತದೆ, ದೊಣೆಗಳಲ್ಲಿ, ಅಂದರೆ ಬಂಡೆಯ ಮೇಲೆ ಮಳೆನೀರು ನಿಲ್ಲುವ ಗುಂಡಿಗಳಲ್ಲಿ, ಇನ್ನೂ ನೀರಿರುತ್ತದೆ. ಅದೂ ಅಲ್ಲದೆ ಅದು ಅವರೆಕಾಯಿ ಕಾಲ. ವಾಪಸ್ ಬರುವಾಗ ಮಾಗಡಿ ರಸ್ತೆಯಲ್ಲಿ ಒಂದು ಚೀಲ ಸೊಗಡವರೆ ತರದೆ ನಮ್ಮ ಮನೆಗೆ ನನಗೆ ಪ್ರವೇಶವಿಲ್ಲ.

ಮೇಲೆ ತುಂಬಾ ಚಳಿ ಇರುತ್ತಾ? ಜಾಕೆಟ್, ಗ್ಲೌಸ್ ಎಲ್ಲಾ ಬೇಕಾ?

ಬೇಡ. ಲೆಕ್ಕ ಹಾಕೋಣ. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಸಾವನದುರ್ಗದ ತುದಿ ಸುಮಾರು 1226 ಮೀಟರ್. ಒಂದು ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಆರೂವರೆ ಡಿಗ್ರಿಯಷ್ಟು ತಣ್ಣಗಾಗುತ್ತದೆ. ಅಂದರೆ ನಿಮ್ಮ ಮನೆ ಬಾಲ್ಕನಿಗೂ ಬೆಟ್ಟದ ತುದಿಗೂ ಇರುವ ವ್ಯತ್ಯಾಸ ಎರಡು ಡಿಗ್ರಿ, ಅಷ್ಟೇ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದು 1884ರ ಜನವರಿಯಲ್ಲಿ. ಈಗಿನ ಜನವರಿ ಬೆಳಗುಗಳು ಸಾಮಾನ್ಯವಾಗಿ 15ರ ಆಸುಪಾಸಿನಲ್ಲಿರುತ್ತವೆ.

ಚಳಿ ಅನ್ನಿಸುವುದು ಗಾಳಿಯಿಂದ. ಬೆವೆತ ಬನಿಯನ್ನಿಗೆ ತುದಿಯ ಗಾಳಿ ತಾಗಿದಾಗ ಮೈ ಜುಮ್ಮೆನ್ನುತ್ತದೆ. ಹಾಗಾಗಿ ಬೇಗ ಒಣಗುವ ಅಂಗಿ, ಮೇಲೊಂದು ತೆಳು ಸ್ವೆಟರ್ ಸಾಕು. ಹತ್ತು ನಿಮಿಷ ಹತ್ತಿದ ಮೇಲೆ ಸ್ವೆಟರ್ ಸೊಂಟಕ್ಕೆ ಬರುತ್ತದೆ. ನಾವು ಬೆಂಗಳೂರಿನವರು 18 ಡಿಗ್ರಿಗೇ ಮಂಕಿ ಕ್ಯಾಪ್ ಹಾಕುವ ಜನ, ಗೊತ್ತು. ಕಾರಿನಲ್ಲಿ ಕೂತಿರುವವರೆಗೆ ಹಾಕಿಕೊಳ್ಳಿ. ಬಂಡೆಯ ಮೇಲೆ ಬೇಕಾಗುವುದು ಬಿಸಿಲಿಗೆ ಒಂದು ಟೋಪಿ. ಚಳಿಗಾಲದಲ್ಲೂ ಅಲ್ಲಿ ಜನರನ್ನು ಸುಸ್ತು ಮಾಡುವುದು ಹನ್ನೊಂದು ಗಂಟೆಯ ಬಿಸಿಲೇ.

ಸುಮ್ನೆ ಹೋಗಿ ಹತ್ತಬಹುದಾ, ಬುಕಿಂಗ್ ಮಾಡಬೇಕಾ?

ಬುಕಿಂಗ್ ಮಾಡಬೇಕು. ಬೆಟ್ಟದ ಸುತ್ತ ಇರುವುದು ಕಾಯ್ದಿಟ್ಟ ಅರಣ್ಯ. ಅರಣ್ಯ ಇಲಾಖೆಯ ಆನ್‌ಲೈನ್ ತಾಣದಲ್ಲಿ ದಿನ ಆರಿಸಿ, ಹಣ ಕಟ್ಟಿ, ಗುರುತಿನ ಚೀಟಿ ಜೊತೆಗಿಟ್ಟುಕೊಂಡು ಹೋಗಿ. ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ದರ, ಸಮಯ ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲೇ ಒಮ್ಮೆ ನೋಡಿಕೊಳ್ಳಿ. "ಹಿಂದಿನ ವರ್ಷ ಯಾರೂ ಕೇಳಲಿಲ್ಲ" ಅನ್ನುವ ಗೆಳೆಯನ ಮಾತು ನಂಬಿ ಅರವತ್ತು ಕಿಲೋಮೀಟರ್ ಹೋಗಬೇಡಿ.

ಗಾಡಿ ಇಲ್ಲ. ಬಸ್ಸಲ್ಲಿ ಹೋಗಿ ಬರೋಕಾಗುತ್ತಾ?

ಆಗುತ್ತದೆ. ಮೆಜೆಸ್ಟಿಕ್‌ನಿಂದ ಮಾಗಡಿಗೆ ಬಸ್ಸುಗಳಿವೆ. ಮಾಗಡಿಯಿಂದ ಬೆಟ್ಟದ ಬುಡಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ಅಲ್ಲಿಗೆ ಬಸ್ಸು ಕಡಿಮೆ, ಆಟೋ ಮಾತಾಡಿಕೊಳ್ಳಬೇಕು. ನಾಲ್ಕು ಜನ ಇದ್ದರೆ ಹೊರೆಯಾಗುವುದಿಲ್ಲ. ಇಳಿದು ಬರುವ ಹೊತ್ತಿಗೆ ಆಟೋ ಸಿಗದೇ ಇರಬಹುದು, ಅದಕ್ಕೆ ಬಿಟ್ಟು ಹೋಗುವ ಡ್ರೈವರ್ ನಂಬರನ್ನು ಆಗಲೇ ಬರೆದುಕೊಳ್ಳಿ.

ಎಷ್ಟು ಗಂಟೆಗೆ ಹೊರಡಬೇಕು? ಮೇಲಿಂದ ಸೂರ್ಯೋದಯ ನೋಡೋ ಆಸೆ.

ಸೂರ್ಯೋದಯದ ಆಸೆ ಈ ಬೆಟ್ಟದ ಮಟ್ಟಿಗೆ ಬಿಡಿ. ಕತ್ತಲಲ್ಲಿ ಹತ್ತಲು ಅನುಮತಿ ಇಲ್ಲ, ಇಲ್ಲದಿರುವುದೇ ಒಳ್ಳೆಯದು. ಟಾರ್ಚ್ ಬೆಳಕಿನಲ್ಲಿ ಬಂಡೆಯ ಇಳಿಜಾರು ಎಷ್ಟಿದೆ ಅಂತ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಸೂರ್ಯೋದಯವೇ ಬೇಕು ಅಂದರೆ ನಂದಿಬೆಟ್ಟವಿದೆ, ರಸ್ತೆಯಲ್ಲೇ ಮೇಲೆ ಹೋಗಬಹುದು. ಟ್ರಾಫಿಕ್ ಜಾಮ್‌ನಲ್ಲಿ ಕೂತು ಸೂರ್ಯ ಹುಟ್ಟುವುದನ್ನು ನೋಡಬೇಕಾದೀತು, ಅದು ಬೇರೆ ಮಾತು.

ಜನವರಿ ಮಧ್ಯದಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ, ಮುಳುಗುವುದು 6.10ರ ಆಸುಪಾಸಿಗೆ. ನಾನು ಮನೆ ಬಿಡುವುದು ಐದೂವರೆಗೆ. ಏಳೂವರೆಗೆ ಬುಡದಲ್ಲಿದ್ದು, ಬಂಡೆಯ ಇಬ್ಬನಿ ಆರುವವರೆಗೆ ದೇವಸ್ಥಾನದ ಕಡೆ ಓಡಾಡಿ, ಎಂಟಕ್ಕೆ ಶುರು ಮಾಡುತ್ತೇನೆ. ಹತ್ತಲು ಒಂದೂವರೆಯಿಂದ ಎರಡು ಗಂಟೆ, ಮೇಲೆ ಒಂದು ಗಂಟೆ, ಇಳಿಯಲು ಮತ್ತೆ ಹೆಚ್ಚುಕಡಿಮೆ ಅಷ್ಟೇ. ಒಂದು ಗಂಟೆಗೆ ಮಾಗಡಿಯಲ್ಲಿ ಊಟ.

ಯಾವ ಶೂ? ಜಿಮ್ ಶೂ ನಡೆಯುತ್ತಾ?

ತಳ ನೋಡಿ. ಮೆತ್ತಗಿನ ರಬ್ಬರ್ ಇದ್ದು, ಗೆರೆಗಳು ಸವೆದಿಲ್ಲದಿದ್ದರೆ ಯಾವ ಶೂ ಆದರೂ ನಡೆಯುತ್ತದೆ. ಸವೆದ ತಳ, ಗಟ್ಟಿ ಪ್ಲಾಸ್ಟಿಕ್ ತಳ ಬೇಡ. ಹೊಚ್ಚ ಹೊಸ ಶೂ ಕೂಡ ಬೇಡ, ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಉಗುರು ಕತ್ತರಿಸಿಕೊಂಡು ಹೋಗಿ. ಊರಿನವರು ಹವಾಯಿ ಚಪ್ಪಲಿಯಲ್ಲಿ, ಬರಿಗಾಲಲ್ಲಿ ಸರಸರ ಹತ್ತುವುದನ್ನು ನೋಡುತ್ತೀರಿ. ಅವರ ಪಾದಕ್ಕೆ ಆ ಬಂಡೆ ಹುಟ್ಟಿದಾಗಿನಿಂದ ಗೊತ್ತು. ನಮ್ಮ ಪಾದಕ್ಕೆ ಗೊತ್ತಿರುವುದು ಟೈಲ್ಸ್.

ತಿನ್ನೋಕೆ ಏನು ತಗೊಂಡು ಹೋಗೋದು? ನೀರು ಎಷ್ಟು?

ಒಬ್ಬರಿಗೆ ಎರಡು ಲೀಟರ್ ನೀರು. ಚಳಿ ಅಲ್ವಾ, ಒಂದು ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಣ್ಣನೆ ಗಾಳಿಯಲ್ಲಿ ಬೆವರು ಕೂಡಲೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವು ಅಂತ ತಿಳಿಯುವುದಿಲ್ಲ. ತಿಳಿಯುವುದು ಮಧ್ಯಾಹ್ನ ತಲೆ ನೋವು ಬಂದಾಗ.

ತಿಂಡಿಗೆ ಚಪಾತಿಯೊಳಗೆ ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಸುರುಳಿ, ಇಲ್ಲವೇ ಪುಳಿಯೋಗರೆ. ಎರಡೂ ಕೆಡುವುದಿಲ್ಲ, ಚೆಲ್ಲುವುದಿಲ್ಲ. ಕಿತ್ತಳೆ ಹಣ್ಣು ಎರಡೆರಡು. ಸಂಕ್ರಾಂತಿ ಹತ್ತಿರವಿದ್ದರೆ ಮನೆಯಲ್ಲಿ ಎಳ್ಳುಬೆಲ್ಲ ಹೇಗೂ ಇರುತ್ತದೆ: ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಬೆಟ್ಟ ಹತ್ತುವವರಿಗೆ ಅಂತಲೇ ಯಾರೋ ಯೋಚಿಸಿ ಮಾಡಿದ ಹಾಗಿದೆ. ಜೇಬಿಗೆ ಒಂದು ಹಿಡಿ ಹಾಕಿಕೊಂಡರೆ ಇಡೀ ದಿನಕ್ಕೆ ಸಾಕು. ಬಟ್ಟೆ ಚೀಲದಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಮೇಲೆ ಹೋದರೆ ಅದು ನಿಮ್ಮ ಜೊತೆಗೇ ಇಳಿಯಬೇಕು.

ಬ್ಯಾಗು ಎರಡೂ ಹೆಗಲಿಗೆ ಹಾಕುವಂಥದ್ದೇ ಇರಲಿ. ಒಂದು ಹೆಗಲಿನ ಚೀಲ ಬಗ್ಗಿದಾಗೆಲ್ಲ ಮುಂದಕ್ಕೆ ಜೋತು ಬಿದ್ದು ನಿಮ್ಮನ್ನೇ ಎಳೆಯುತ್ತದೆ.

ಎಂಟು ವರ್ಷದ ಮಗ, ಅರವತ್ತೆರಡರ ಅಮ್ಮ. ಇಬ್ಬರನ್ನೂ ಕರ್ಕೊಂಡು ಹೋಗಬಹುದಾ ಅಣ್ಣಾ?

ಮಗನ ಬಗ್ಗೆ ಹೆದರಿಕೆ ಬೇಡ, ಮಕ್ಕಳು ಬಂಡೆಯ ಮೇಲೆ ನಮಗಿಂತ ಚೆನ್ನಾಗಿ ಹತ್ತುತ್ತವೆ. ಹೆದರಬೇಕಾಗಿರುವುದು ಅವನು ಇಳಿಜಾರಿನಲ್ಲಿ ಓಡುವುದಕ್ಕೆ. ಹತ್ತುವಾಗ ದೊಡ್ಡವರೊಬ್ಬರು ಅವನ ಹಿಂದೆ, ಇಳಿಯುವಾಗ ಅವನ ಮುಂದೆ ಇರಲಿ. ಅಂದರೆ ಯಾವಾಗಲೂ ಮಗುವಿಗಿಂತ ಕೆಳಗೆ.

ಅಮ್ಮನಿಗೆ ಮಂಡಿ ನೋವಿದೆಯಾ ಅಂತ ನೀವು ಕೇಳಿದರೆ "ಇಲ್ಲ" ಅನ್ನುತ್ತಾರೆ. ಮನೆಯಲ್ಲಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರಾ ಅಂತ ನೋಡಿ. ಹಿಡಿದರೆ ಬುಡದಲ್ಲಿರುವ ಸಾವಂದಿ ವೀರಭದ್ರೇಶ್ವರ, ನರಸಿಂಹ ದೇವಸ್ಥಾನಗಳವರೆಗೆ ಅವರ ಪ್ರವಾಸ ಮಾಡಿ. ನೆರಳಿದೆ, ಕೂರಲು ಜಾಗವಿದೆ. ನೀವು ವಾಪಸ್ ಬರುವಷ್ಟರಲ್ಲಿ ಅವರು ಅರ್ಧ ಊರನ್ನು ಪರಿಚಯ ಮಾಡಿಕೊಂಡಿರುತ್ತಾರೆ.

## ಬಂಡೆಯ ಮೇಲೆ

ಕೈ ಊರಿ ಹತ್ತಬೇಕು ಅಂತಾರಲ್ಲ, ಅದು ಹೇಗೆ? ಹಗ್ಗ ಬೇಕಾ?

ಮಾಮೂಲಿ ದಾರಿಗೆ ಹಗ್ಗ ಬೇಡ. ಇಡೀ ಬೆಟ್ಟದಲ್ಲಿ ಕೈ ನಿಜಕ್ಕೂ ಬೇಕಾಗುವುದು ಮೂರು ನಾಲ್ಕು ಕಡೆ ಮಾತ್ರ. ಉಳಿದ ಕಡೆ ಇಳಿಜಾರು ಹಾಸುಬಂಡೆಯ ಮೇಲೆ ನಡೆಯುವುದೇ ಕೆಲಸ, ಅಲ್ಲಿ ಕೈ ಊರುವುದೇ ತಪ್ಪು.

ಇದು ವಿಚಿತ್ರ ಅನ್ನಿಸಬಹುದು, ಬಿಡಿಸಿ ಹೇಳುತ್ತೇನೆ. ಬಂಡೆ ಕಡಿದಾದ ಕೂಡಲೇ ಭಯವಾಗಿ ನಾವು ಬಗ್ಗುತ್ತೇವೆ, ಅಂಬೆಗಾಲಿಗೆ ಬರುತ್ತೇವೆ. ಆಗ ಮೈಭಾರ ಪಾದದಿಂದ ಕೈಗೆ ಹೋಗುತ್ತದೆ. ಶೂ ಬಂಡೆಗೆ ಕಚ್ಚುವುದು ಅದರ ಮೇಲೆ ಭಾರ ಬಿದ್ದಾಗ. ಭಾರ ತೆಗೆದರೆ ಜಾರುತ್ತದೆ. ಜಾರಿದ ಕೂಡಲೇ ಭಯ ಇನ್ನೂ ಜಾಸ್ತಿಯಾಗಿ ಇನ್ನೂ ಬಗ್ಗುತ್ತೇವೆ. ಹೊಸಬರು ಸಾವನದುರ್ಗದಲ್ಲಿ ಒದ್ದಾಡುವುದೆಲ್ಲ ಹೀಗೇ.

ಆದ್ದರಿಂದ ನೆಟ್ಟಗೆ ನಿಲ್ಲಿ. ಸೊಂಟ ಪಾದದ ಮೇಲೆ ಬರಲಿ. ಹಿಮ್ಮಡಿ ಎತ್ತಬೇಡಿ, ಪಾದ ಪೂರ್ತಿ ಬಂಡೆಗೆ ತಾಗಲಿ. ಸಣ್ಣ ಸಣ್ಣ ಹೆಜ್ಜೆ. ಕಣ್ಣು ಮುಂದಿನ ಎರಡು ಹೆಜ್ಜೆಯ ಮೇಲೆ, ತುದಿಯ ಮೇಲಲ್ಲ. ತೀರಾ ಕಡಿದು ಅನ್ನಿಸಿದರೆ ನೇರ ಹತ್ತದೆ ಹಾವು ಹರಿದ ಹಾಗೆ ಆ ಕಡೆಯಿಂದ ಈ ಕಡೆಗೆ ಓರೆಯಾಗಿ ಹತ್ತಿ.

ಕೊರಕಲು, ಗುಂಡುಗಳ ಸಂದಿ, ಕೋಟೆ ಗೋಡೆ ಒಡೆದ ಜಾಗ, ಇಲ್ಲಿ ಕೈ ಬೇಕು. ಎರಡು ಕೈ ಎರಡು ಕಾಲಲ್ಲಿ ಮೂರು ಯಾವಾಗಲೂ ಗಟ್ಟಿಯಾಗಿರಲಿ, ಒಂದನ್ನು ಮಾತ್ರ ಸರಿಸಿ. ಹಿಡಿಯುವ ಕಲ್ಲನ್ನು ಮೊದಲು ತಟ್ಟಿ ನೋಡಿ. ಡಬಡಬ ಅಂದರೆ ಒಳಗೆ ಟೊಳ್ಳು, ಬಿಡಿ. ಹುಲ್ಲು, ಗಿಡ ಹಿಡಿದು ಮೈ ಎಳೆದುಕೊಳ್ಳಬೇಡಿ. ಸಂದಿಯೊಳಗೆ ನೋಡದೆ ಕೈ ಹಾಕಬೇಡಿ, ಚಳಿಗಾಲದ ಬೆಳಗ್ಗೆ ಬಿಸಿಲು ಕಾಯಲು ಹಾವುಗಳೂ ಅಲ್ಲೇ ಬರುತ್ತವೆ.

ದಾರಿ ತಪ್ಪೋ ಚಾನ್ಸ್ ಇದೆಯಾ?

ಬಂಡೆಯ ಮೇಲೆ ಬಿಳಿ ಬಣ್ಣದ ಬಾಣದ ಗುರುತುಗಳಿವೆ. ಒಂದು ಬಾಣದ ಹತ್ತಿರ ನಿಂತು ಮುಂದಿನದು ಕಂಡ ಮೇಲೆಯೇ ಹೊರಡಿ. ಕೆಲವು ಮಾಸಿಹೋಗಿವೆ. ಅಂಥ ಕಡೆ ಬಂಡೆಯ ಬಣ್ಣ ನೋಡಿ: ಸಾವಿರಾರು ಜನ ನಡೆದ ಪಟ್ಟೆ ಸುತ್ತಲಿನದಕ್ಕಿಂತ ತಿಳಿಯಾಗಿರುತ್ತದೆ.

ನಿಜವಾಗಿ ದಾರಿ ತಪ್ಪುವುದು ಇಳಿಯುವಾಗ. ಮೇಲಿಂದ ಎಲ್ಲ ಬಂಡೆಯೂ ಒಂದೇ ಥರ ಕಾಣುತ್ತದೆ, ಮುಂದೆ ಕಡಿದಾಗುವುದು ಉಬ್ಬಿನ ಹಿಂದೆ ಮರೆಯಾಗಿರುತ್ತದೆ. ಅದಕ್ಕೆ ಹತ್ತುವಾಗಲೇ ಹತ್ತು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ತಪ್ಪಿದೆ ಅನ್ನಿಸಿದರೆ ಕೆಳಕ್ಕೆ ಹುಡುಕಬೇಡಿ. ಕೊನೆಯ ಬಾಣದವರೆಗೆ ವಾಪಸ್ ಹತ್ತಿ. ಸುಸ್ತಾಗಿದ್ದಾಗ ಇದನ್ನು ಮಾಡಲು ಮನಸ್ಸೇ ಬರುವುದಿಲ್ಲ, ಆದರೂ ಹತ್ತಿ.

ಅರ್ಧಕ್ಕೆ ಹೋಗಿ ಭಯ ಆಗಿಬಿಟ್ರೆ?

ಕೂತುಬಿಡಿ. ಬೆನ್ನು ಬೆಟ್ಟಕ್ಕೆ ಕೊಟ್ಟು, ಕಾಲು ಕೆಳಗೆ ಚಾಚಿ, ನೀರು ಕುಡಿದು, ಎಳ್ಳುಬೆಲ್ಲ ತಿನ್ನಿ. ಐದು ನಿಮಿಷದಲ್ಲಿ ಎದೆಬಡಿತ ಇಳಿದರೆ ಮುಂದೆ, ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್. ಮೊದಲ ಕೋಟೆ ಗೋಡೆಯವರೆಗೆ ಹೋದರೂ ಮಂಚನಬೆಲೆ ಜಲಾಶಯದ ನೀರು ಚೆನ್ನಾಗಿ ಕಾಣುತ್ತದೆ. ಜೊತೆಗಿರುವವರು "ಬಾ ಬಾ, ಇನ್ನೇನು ಬಂತು" ಅಂತ ಎಳೆಯಬಾರದು. ಎಳೆಯುವ ಗೆಳೆಯರನ್ನು ಮುಂದಿನ ಸಲ ಬಿಟ್ಟು ಹೋಗಿ. ಆದರೆ ಭಯವಾದವರನ್ನು ಒಬ್ಬರನ್ನೇ ಕೆಳಗೆ ಕಳಿಸಬೇಡಿ.

ಹತ್ತಿದ ಮೇಲೆ ಇಳಿಯೋದೇನು ಮಹಾ, ಸುಲಭ ಅಲ್ವಾ?

ಅಲ್ಲ. ನಾನು ಕಂಡಿರುವ ಉಳುಕು, ತರಚು ಗಾಯ, ಕಣ್ಣೀರು, ಎಲ್ಲ ಇಳಿಯುವಾಗಿನವು. ನನ್ನದೂ ಸೇರಿ. ಕೆಲವು ವರ್ಷಗಳ ಹಿಂದೆ ಒಂದು ಜನವರಿ, ಮೋಡ ಕವಿದ ಬೆಳಗ್ಗೆ. ಬೇಗ ಹತ್ತಿ ಬೇಗ ಇಳಿಯುತ್ತಿದ್ದೆ. ಕಡೇ ಹಾಸುಬಂಡೆ, ಕೆಳಗೆ ನಿಲ್ಲಿಸಿದ ಗಾಡಿ ಕಾಣುತ್ತಿತ್ತು. ಮುಗಿಯಿತಲ್ಲ ಅಂತ ಫೋನ್ ತೆಗೆದು ಮನೆಗೆ ಹಚ್ಚಿದೆ. ನೆರಳಿನ ಕಡೆಯ ಒಂದು ಪಟ್ಟೆಯಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಕಾಲು ಹೋಯಿತು. ಎರಡು ಆಳುದ್ದ ಜಾರಿ ಒಂದು ಗಿಡದ ಬುಡಕ್ಕೆ ನಿಂತೆ. ಪ್ಯಾಂಟಿನ ಹಿಂಭಾಗ ಹೋಯಿತು, ಅಂಗೈ ಚರ್ಮ ಹೋಯಿತು, ಫೋನಿನಲ್ಲಿ ಹೆಂಡತಿ "ಹಲೋ ಹಲೋ" ಅನ್ನುತ್ತಲೇ ಇದ್ದಳು. ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡಿದ್ದರಿಂದ ಮಾಗಡಿಯ ಹೋಟೆಲಿನಲ್ಲಿ ಮಾನ ಉಳಿಯಿತು.

ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿರಲಿ. ಹಿಂದಕ್ಕೆ ವಾಲಬೇಡಿ, ವಾಲಿದರೆ ಭಾರ ಹಿಮ್ಮಡಿಗೆ ಹೋಗಿ ಪಾದ ಮುಂದಕ್ಕೆ ಹಾರುತ್ತದೆ. ಕಡಿದಾದ ಕಡೆ ಅಡ್ಡಡ್ಡ ಹೆಜ್ಜೆ ಇಡಿ. ಇನ್ನೂ ಕಡಿದಾದರೆ ಕೂತು ಸರಿಯಿರಿ, ನಾಚಿಕೆ ಬೇಡ. ಶೂ ಲೇಸನ್ನು ಮೇಲೆಯೇ ಬಿಗಿ ಮಾಡಿಕೊಳ್ಳಿ. ಫೋನ್ ಬ್ಯಾಗಿನೊಳಗೆ.

ಕೋತಿಗಳ ಕಾಟ ಹೇಗೆ?

ದೇವಸ್ಥಾನದ ಹತ್ತಿರ ಜಾಸ್ತಿ. ಕೈಯಲ್ಲಿ ಕವರ್ ಹಿಡಿದವರ ಮೇಲೇ ಕಣ್ಣು. ಶಿವಗಂಗೆಯಲ್ಲಿ ಇನ್ನೂ ಜಾಣ ಕೋತಿಗಳಿವೆ, ಬ್ಯಾಗಿನ ಜಿಪ್ ತೆಗೆಯುತ್ತವೆ. ತಿಂಡಿ ಕಾಣದ ಹಾಗೆ ಇಡಿ, ಹಲ್ಲು ಕಿರಿಯಬೇಡಿ, ಕಿತ್ತುಕೊಂಡದ್ದನ್ನು ವಾಪಸ್ ಎಳೆಯಬೇಡಿ.

ಹೆಜ್ಜೇನು ಇದೆ ಅಂತಾರೆ. ಎದ್ದರೆ ಏನು ಮಾಡೋದು?

ಇದೆ. ಬಂಡೆಯ ಕಡಿದಾದ ಮೈಯಲ್ಲಿ, ನೆತ್ತಿಯ ಕೆಳಗೆ, ದೊಡ್ಡ ದೊಡ್ಡ ಹುಟ್ಟು ಕಟ್ಟುತ್ತವೆ. ಅವು ಸುಮ್ಮನೆ ಏಳುವುದಿಲ್ಲ. ಹೊಗೆ, ಕಲ್ಲು, ಕೂಗಾಟ, ಡ್ರೋನ್, ಘಾಟು ಸೆಂಟು ಬೇಡ. ಹತ್ತಾರು ಹುಳು ತಲೆ ಸುತ್ತ ಗುಂಯ್‌ಗುಡುತ್ತಾ ಮೈಗೆ ಡಿಕ್ಕಿ ಹೊಡೆಯಲು ಶುರು ಮಾಡಿದರೆ ಅದು ಎಚ್ಚರಿಕೆ, ಕೈ ಬೀಸದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಎದ್ದೇಬಿಟ್ಟರೆ ಸ್ವೆಟರಿನಿಂದ ತಲೆ ಮುಖ ಮುಚ್ಚಿ, ಬಂಡೆಯ ಅಂಚಿನ ಕಡೆಗಲ್ಲ, ಪೊದೆ ಇರುವ ಕಡೆಗೆ ದೂರ ಹೋಗಿ. ಹುಳುವನ್ನು ಹೊಸಕಬೇಡಿ, ಆ ವಾಸನೆಗೆ ಇನ್ನಷ್ಟು ಬರುತ್ತವೆ. ಕಚ್ಚಿದ ಮುಳ್ಳನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಿರಿ. ತುಂಬಾ ಕಚ್ಚಿದ್ದರೆ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ. ಮನೆಮದ್ದಿನ ಹೊತ್ತಲ್ಲ ಅದು.

ಮೇಲಿನ ದೊಣೆ ನೀರು ಕುಡಿಯಬಹುದಾ? ಈಜಬಹುದಾ?

ಎರಡೂ ಬೇಡ. ನಿಂತ ಮಳೆನೀರು ಅದು, ಕೋತಿಯಿಂದ ಕರಡಿವರೆಗೆ ಎಲ್ಲರೂ ಬಾಯಿ ಹಾಕುವಂಥದ್ದು. ಅಂಚು ಪಾಚಿ ಕಟ್ಟಿರುತ್ತದೆ, ಆಳ ಗೊತ್ತಾಗುವುದಿಲ್ಲ. ವಾಪಸ್ ಬರುವಾಗ ಮಂಚನಬೆಲೆಯಲ್ಲಿ ಇಳಿದು ಮೈ ತಣ್ಣಗೆ ಮಾಡಿಕೊಳ್ಳೋಣ ಅನ್ನುವ ಯೋಚನೆಯೂ ಬೇಡ. ಅಲ್ಲಿ ನೀರಿಗಿಳಿಯಬಾರದು ಅಂತ ಬೋರ್ಡ್ ಹಾಕಿರುವುದು ಸುಮ್ಮನೆ ಅಲ್ಲ, ಜನ ಮುಳುಗಿ ಸತ್ತಿದ್ದಾರೆ.

## ನಾಲ್ಕಾರು ಸಲ ಹತ್ತಿದವರಿಗೆ

ಈ ಬಂಡೆ ಯಾಕೆ ಇಷ್ಟು ನುಣುಪು? ಕಪ್ಪು ಪಟ್ಟೆಗಳು ಏನು?

ರಾಮನಗರದ ಸುತ್ತಲಿನ ಈ ಗ್ರಾನೈಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟ್ ಅಂದರೆ ರಾಮನಗರದ ಬ್ರಿಟಿಷರ ಕಾಲದ ಹೆಸರು, ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಊರಿನ ಹೆಸರು ಬದಲಾಯಿತು, ಕಲ್ಲಿನದು ಉಳಿಯಿತು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ.

ನೆಲದಾಳದಲ್ಲಿ ಗಟ್ಟಿಯಾದ ಕಲ್ಲು ಇದು. ಮೇಲಿದ್ದ ಮಣ್ಣು, ಕಲ್ಲು ಸವೆದು ಹೋದಂತೆ ಭಾರ ಇಳಿದು ಇದು ಹಿಗ್ಗಿತು. ಹಿಗ್ಗಿದಾಗ ಹೊರಮೈ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತಾ ಬರುತ್ತದೆ. ಅದಕ್ಕೇ ದುಂಡಗೆ, ನುಣ್ಣಗೆ. ತಟ್ಟಿದಾಗ ಡಬಡಬ ಅನ್ನುವ ಕಲ್ಲು ಅಂದರೆ ಬಿಡಲು ತಯಾರಾದ ಸಿಪ್ಪೆ.

ಕಪ್ಪು ಪಟ್ಟೆ ಅಂದರೆ ಮಳೆನೀರು ಹರಿಯುವ ದಾರಿ. ಅಲ್ಲಿ ಪಾಚಿಯಂಥ ಸಣ್ಣ ಜೀವಗಳು ಬೆಳೆದು ಒಣಗಿ ಕರ್ರಗಾಗಿರುತ್ತವೆ. ಒಣಗಿದ್ದಾಗ ನಡೆಯಬಹುದು, ತೇವ ತಾಗಿದರೆ ಎಣ್ಣೆ ಸವರಿದ ಹಾಗೆ. ಇಬ್ಬನಿ ಬೀಳುವ ತಿಂಗಳುಗಳಲ್ಲಿ ಬೆಳಗ್ಗೆ ಒಂಬತ್ತರೊಳಗೆ ಕಪ್ಪು ಪಟ್ಟೆ ತುಳಿಯಬೇಡಿ. ನನ್ನ ಪ್ಯಾಂಟಿನ ಕತೆ ನಡೆದದ್ದು ಅಂಥದ್ದರ ಮೇಲೇ.

ಮೋಡದ ಸಮುದ್ರ ಕಾಣುತ್ತೆ ಅಂತ ಹೋದರೆ ಬರೀ ಬಿಳಿ ಗೋಡೆ ಕಂಡಿತು. ಯಾವ ದಿನ ಹೋಗಬೇಕು?

ರಾತ್ರಿ ಆಕಾಶ ನಿರ್ಮಲವಾಗಿದ್ದು, ಗಾಳಿ ಇಲ್ಲದಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ತಗ್ಗಿನಲ್ಲಿ ನಿಲ್ಲುತ್ತದೆ. ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಅಂದರೆ ಅಂಥ ಬೆಳಗ್ಗೆ ಮೇಲೆ ಹೇಳಿದ ಎರಡು ಡಿಗ್ರಿ ಲೆಕ್ಕ ತಲೆಕೆಳಗಾಗುತ್ತದೆ, ಬುಡದಲ್ಲೇ ಚಳಿ ಜಾಸ್ತಿ. ಹತ್ತಿರದಲ್ಲಿ ಕೆರೆ, ಜಲಾಶಯ ಇದ್ದರೆ ತೇವಕ್ಕೆ ಕೊರತೆಯಿಲ್ಲ. ತಗ್ಗಿನಲ್ಲಿ ಮಂಜು, ಮೇಲೆ ಬಿಸಿಲು. ಇದೇ ನಿಮಗೆ ಬೇಕಾದ ಮೋಡದ ಸಮುದ್ರ.

ಬಿಳಿ ಗೋಡೆ ಕಂಡಿತು ಅಂದರೆ ಅದು ಮಂಜಲ್ಲ, ಬೆಟ್ಟಕ್ಕೇ ಬಂದು ಕೂತ ಮೋಡ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದ್ದಾಗ ಹೀಗಾಗುತ್ತದೆ. ಹಿಂದಿನ ರಾತ್ರಿ ಟೆರೇಸಿಗೆ ಹೋಗಿ ನೋಡಿ: ನಕ್ಷತ್ರ ಚೆನ್ನಾಗಿ ಕಂಡು, ಒಣಗಲು ಹಾಕಿದ ಬಟ್ಟೆ ಅಲ್ಲಾಡದಿದ್ದರೆ ಹೊರಡಿ.

ಡಿಸೆಂಬರಲ್ಲಿ ಮಳೆ ಬಂದರೆ?

ಹಿಂಗಾರು ಮುಗಿಯುವವರೆಗೆ ಅದು ಮಾಮೂಲು. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಹೋಗಬೇಡಿ, ಬುಕಿಂಗ್ ಹಣ ಹೋದರೆ ಹೋಗಲಿ. ಮೇಲಿದ್ದಾಗ ಹನಿ ಶುರುವಾದರೆ ಕೋಟೆ ಗೋಡೆಯ ಹತ್ತಿರ ಕೂತು ಕಾಯಿರಿ. ಬಿಸಿಲು, ಗಾಳಿ ಇದ್ದರೆ ಬಂಡೆ ಬೇಗ ಒಣಗುತ್ತದೆ. ಗುಡುಗಿದರೆ ಮಾತ್ರ ತುದಿಯಲ್ಲಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಕೋಟೆ ಯಾರದು? ಇಷ್ಟು ಕಡಿದಾದ ಕಡೆ ಯುದ್ಧ ಹೇಗೆ ಮಾಡಿದರು?

1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರು ಬಿಟ್ಟುಕೊಟ್ಟ ಮೇಲೆ ಕೆಂಪೇಗೌಡರ ಮನೆತನ ಮಾಗಡಿಯಿಂದ ಆಳಿತು. ಸಾವನದುರ್ಗ ಅವರ ಗಟ್ಟಿ ನೆಲೆ. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ದುರ್ಗವನ್ನೂ ತೆಗೆದುಕೊಂಡರು. ಆಮೇಲೆ ಹೈದರ್, ಟಿಪ್ಪು.

ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಹೋಗುವ ಮೊದಲು ದಾರಿಯ ದುರ್ಗಗಳನ್ನು ಒಂದೊಂದಾಗಿ ಹಿಡಿದ. 1791ರ ಅಕ್ಟೋಬರಿನಲ್ಲಿ ನಂದಿ, ಅದೇ ವರ್ಷ ಡಿಸೆಂಬರ್ 21ಕ್ಕೆ ಸಾವನದುರ್ಗ. ಅದೂ ಇದೇ ಮಾಗಿ ಕಾಲ. ಬಂಡೆಯ ಬುಡಕ್ಕೆ ಫಿರಂಗಿಗಳನ್ನು ಎಳೆದು ತಂದು, ಕೆಳಗಿನ ಗೋಡೆ ಒಡೆದು ನುಗ್ಗಿದರು. ನಾವು ಎರಡು ಲೀಟರ್ ನೀರು ಭಾರ ಅಂತ ಗೊಣಗುವ ಜಾಗವದು. ಹತ್ತುವಾಗ ಗೋಡೆ ಒಡೆದ ಕಡೆ ನಿಂತು ಕೆಳಗೆ ನೋಡಿ, ಫಿರಂಗಿ ಎಲ್ಲಿ ಇಟ್ಟಿರಬಹುದು ಅಂತ ಊಹಿಸುವುದು ನನಗೆ ಪ್ರತಿ ಸಲದ ಆಟ.

ಪ್ರಾಣಿ, ಪಕ್ಷಿ ಏನಾದರೂ ಕಾಣುತ್ತಾ?

ಕರಡಿ, ಚಿರತೆ ಇವೆ. ಹಗಲಲ್ಲಿ ಅವು ನಿಮ್ಮ ದಾರಿಗೆ ಬರುವುದು ಅಪರೂಪ, ಕತ್ತಲಾಗುವ ಮುಂಚೆ ನೀವು ಅವುಗಳ ದಾರಿ ಬಿಡಿ. ನೋಡಬೇಕಾದದ್ದು ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಇಂಥ ಬಂಡೆ ಬೆಟ್ಟಗಳ ಕುರುಚಲು ಕಾಡಿನಲ್ಲಿ ಮಾತ್ರ ಇರುವ ಹಕ್ಕಿ, ಕಾಣುವುದಕ್ಕಿಂತ ಕೇಳುವುದೇ ಜಾಸ್ತಿ. ರಣಹದ್ದು ಬೇಕು ಅಂದರೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕು, ಅದು 2012ರಲ್ಲಿ ರಣಹದ್ದುಗಳಿಗಾಗಿಯೇ ಘೋಷಿಸಿದ ಅಭಯಾರಣ್ಯ. ಅದೃಷ್ಟ ಬೇಕು. ಏನೂ ಕಾಣದಿದ್ದರೂ ಉತ್ತರಾಣಿ ಬೀಜ ಮಾತ್ರ ಕಾಲುಚೀಲದ ತುಂಬ ಮನೆಗೆ ಬರುತ್ತದೆ.

ನಾನೊಬ್ಬನೇ ಹೋಗಿ ಬರಲಾ?

ಒಂಟಿಯಾಗಿ ಹೋಗುವ ಆಸೆ ನನಗೂ ಇದೆ, ಹೋಗಿಯೂ ಇದ್ದೇನೆ. ಆದರೆ ವಾರದ ನಡುವೆ ಅಲ್ಲಿ ಯಾರೂ ಇರುವುದಿಲ್ಲ. ಕಾಲು ಉಳುಕಿದರೆ ಕೂಗಿದರೂ ಕೇಳುವವರಿಲ್ಲ, ಬೆಟ್ಟದ ಹಿಂಬದಿ ಕೊರಕಲಿನಲ್ಲಿ ಸಿಗ್ನಲ್ ಇಲ್ಲ. ಹೋಗಲೇಬೇಕು ಅಂದರೆ ಭಾನುವಾರ ಹೋಗಿ. ಮನೆಯಲ್ಲಿ "ಎರಡು ಗಂಟೆಗೆ ಫೋನ್ ಬರದಿದ್ದರೆ 112ಕ್ಕೆ ಮಾಡಿ" ಅಂತ ಹೇಳಿ ಹೊರಡಿ, ಎರಡು ಗಂಟೆಗೆ ಮರೆಯದೆ ಫೋನ್ ಮಾಡಿ. ನಿಂತುಕೊಂಡು ಮಾಡಿ, ಇಳಿಯುತ್ತಾ ಅಲ್ಲ.

ಕರಿಗುಡ್ಡ ಆಯ್ತು. ಬಿಳಿಗುಡ್ಡ ಹತ್ತಬಹುದಾ? ಇಲ್ಲ ಅಂದ್ರೆ ಮುಂದೆ ಯಾವುದು?

ಸಾವನದುರ್ಗ ಅಂದರೆ ಎರಡು ಗುಡ್ಡ, ನಾವೆಲ್ಲ ಹತ್ತುವುದು ಕರಿಗುಡ್ಡ. ಬಿಳಿಗುಡ್ಡಕ್ಕೆ ಬಾಣದ ಗುರುತಿನ ದಾರಿ ಇಲ್ಲ, ಪೊದೆ ಜಾಸ್ತಿ, ಬಂಡೆ ಮುಖ ಹಗ್ಗ ಕಟ್ಟಿ ಹತ್ತುವವರದು. ಹಗ್ಗದ ಕೆಲಸ ಕಲಿಯಬೇಕು ಅನ್ನಿಸಿದ್ದರೆ ಬೆಂಗಳೂರಿನಲ್ಲೇ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ಬಂಡೆ ಹತ್ತುವ ತರಬೇತಿ ಕೊಡುತ್ತಾರೆ.

ಹಗ್ಗ ಬೇಡ, ಇನ್ನೊಂದು ಬೆಟ್ಟ ಬೇಕು ಅನ್ನುವವರಿಗೆ ಮಧುಗಿರಿ. ತುಮಕೂರು ಜಿಲ್ಲೆ, ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸು. ಕೋಟೆ ಇನ್ನೂ ಗಟ್ಟಿಯಾಗಿದೆ, ಕೊನೆಯ ಭಾಗದಲ್ಲಿ ಬಂಡೆಗೆ ಕಡಿದ ಕಾಲಿಡುವ ಗುಳಿಗಳ ಮೇಲೆ ಹತ್ತಬೇಕು. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳ ಪಟ್ಟಿಯಲ್ಲಿ ಮಾಗಡಿಯವರು ಸಾವನದುರ್ಗವನ್ನೂ ಮಧುಗಿರಿಯವರು ತಮ್ಮ ಬೆಟ್ಟವನ್ನೂ ಮುಂದೆ ಇಡುತ್ತಾರೆ. ನಾನು ಟೇಪು ಹಿಡಿದು ಅಳೆದಿಲ್ಲ. ಮಂಡಿಯನ್ನು ಕೇಳಿದರೆ ಮಧುಗಿರಿ ಅನ್ನುತ್ತದೆ.